ಗುರುತು ಉಳಿಸಿಕೊಳ್ಳುವುದೂ ವಿನ್ಯಾಸಕಾರನ ಕೆಲಸವೇ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ಹಲವು ವರ್ಷಗಳಿಂದ ತಪ್ಪದೆ ಓದುತ್ತಿದ್ದೇನೆ. ಪಾಲಿಟೆಕ್ನಿಕ್ ಒಂದರಲ್ಲಿ ಆಟೊಮೊಬೈಲ್ ವಿಭಾಗದ ಉಪನ್ಯಾಸಕನಾಗಿದ್ದಾಗ ಆ ಪುಟವನ್ನು ಕತ್ತರಿಸಿ ತರಗತಿಯ ಫಲಕಕ್ಕೆ ಅಂಟಿಸುತ್ತಿದ್ದೆ. ಈಚೆಗೆ ಐಷಾರಾಮಿ ಕಾರುಗಳ ಹೊಸ ಮಾದರಿಗಳನ್ನು ಕುರಿತ ಬರಹಗಳಲ್ಲಿ, ನಿಮ್ಮಲ್ಲಿ ಮಾತ್ರವಲ್ಲದೆ ಎಲ್ಲ ಕಡೆಯೂ, ಒಂದು ಮಾತು ಮತ್ತೆ ಮತ್ತೆ ಕಾಣಿಸುತ್ತಿದೆ: ‘ನೋಟದಲ್ಲಿ ಹೇಳಿಕೊಳ್ಳುವಂಥ ಹೊಸತನವಿಲ್ಲ.’ ಇದನ್ನು ದೋಷಗಳ ಪಟ್ಟಿಯಲ್ಲಿ ಬರೆಯಲಾಗುತ್ತದೆ, ಅಂಕವನ್ನೂ ಕಡಿಮೆ ಮಾಡಲಾಗುತ್ತದೆ. ಈ ಅಳತೆಗೋಲು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಕಾರಿನ ಒಳಗಿನದೆಲ್ಲವನ್ನೂ ಬದಲಿಸಿ, ಹೊಸ ಕಾನೂನುಗಳಿಗೆ ಹೊಂದಿಸಿ, ಗಾಳಿಯ ತಡೆಯನ್ನೂ ತಗ್ಗಿಸಿ, ಇಷ್ಟಾದ ಮೇಲೂ ನೂರು ಗಜ ದೂರದಿಂದ ಅದು ಅದೇ ಕಾರೆಂದು ಗುರುತು ಸಿಗುವಂತೆ ಮಾಡುವುದು ವಿನ್ಯಾಸದ ಕೆಲಸಗಳಲ್ಲೇ ಅತ್ಯಂತ ಕಷ್ಟದ್ದು. ನಾನು ಬಹುಕಾಲ ಹತ್ತಿರದಿಂದ ನೋಡಿದ ಮರ್ಸಿಡಿಸ್ ಬೆಂಜ್ ಕಾರುಗಳ ಉದಾಹರಣೆಯಿಂದಲೇ ಇದನ್ನು ವಿವರಿಸಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ನನ್ನ ತಲೆಮಾರಿನ ಬಹಳಷ್ಟು ಜನರಿಗೆ ಬೆಂಜ್ ಎಂಬ ಹೆಸರು ಮೊದಲು ಪರಿಚಯವಾದದ್ದು ಲಾರಿಯ ಮೂಲಕ. 1954ರಲ್ಲಿ ಟೆಲ್ಕೊ ಸಂಸ್ಥೆಯು (ಇಂದಿನ ಟಾಟಾ ಮೋಟರ್ಸ್) ಮರ್ಸಿಡಿಸ್ ಬೆಂಜ್ ವಾಹನಗಳನ್ನು ತಯಾರಿಸುತ್ತಿದ್ದ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ 15 ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ತಯಾರಿಸಿದ ಲಾರಿಗಳ ಮೂತಿಯ ಮೇಲೆ ಆ ಮೂರು ಮೊನೆಯ ನಕ್ಷತ್ರವಿತ್ತು. ಒಪ್ಪಂದ ಮುಗಿದು ನಕ್ಷತ್ರ ಹೋಗಿ ಟಾಟಾದ ‘ಟಿ’ ಬಂದ ಮೇಲೂ ನಮ್ಮೂರಿನ ಚಾಲಕರು, ಕ್ಲೀನರುಗಳು ಎಷ್ಟೋ ಕಾಲ ಅದನ್ನು ‘ಬೆಂಜ್ ಲಾರಿ’ ಎಂದೇ ಕರೆಯುತ್ತಿದ್ದರು. ಅವರು ಗುರುತು ಹಿಡಿಯುತ್ತಿದ್ದದ್ದು ಲಾಂಛನವನ್ನಲ್ಲ, ಮುಖವನ್ನು. ಲಾಂಛನವನ್ನು ಒಂದು ದಿನದಲ್ಲಿ ಕಿತ್ತು ಇನ್ನೊಂದನ್ನು ಕೂರಿಸಬಹುದು. ಮುಖ ಜನರ ಕಣ್ಣಿನಲ್ಲಿ ಕೂರಲು ದಶಕಗಳು ಬೇಕು.

ಆ ಮುಖ ಹುಟ್ಟಿದ್ದು ಅಲಂಕಾರವಾಗಿ ಅಲ್ಲ. ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿಯ ಬೇಡಿಕೆಯಂತೆ ಡೈಮ್ಲರ್ ಕಂಪನಿಯ ಎಂಜಿನಿಯರ್ ವಿಲ್ಹೆಲ್ಮ್ ಮೈಬಾಕ್ 1900ರ ಕೊನೆಯಲ್ಲಿ ರೂಪಿಸಿದ 35 ಅಶ್ವಶಕ್ತಿಯ ಕಾರಿಗೆ ಯೆಲಿನೆಕ್ ತನ್ನ ಮಗಳು ಮರ್ಸಿಡಿಸಳ ಹೆಸರಿಟ್ಟ. ಆ ಕಾರಿನ ಮುಂದೆ ಜೇನುಗೂಡಿನಂಥ ಒಂದು ರೇಡಿಯೇಟರ್ ಇತ್ತು. ಆರು ಮಿಲಿಮೀಟರ್ ಅಗಲದ ಚೌಕ ಕೊಳವೆಗಳನ್ನು, ಒಟ್ಟು 8,070 ಕೊಳವೆಗಳನ್ನು, ಸಾಲಾಗಿ ಜೋಡಿಸಿ ಬೆಸುಗೆ ಹಾಕಿದ್ದರು. ಕಡಿಮೆ ನೀರಿನಲ್ಲಿ ದೊಡ್ಡ ಎಂಜಿನ್ನನ್ನು ತಂಪಾಗಿಡುವ ಸಮಸ್ಯೆಗೆ ಅದು ಉತ್ತರವಾಗಿತ್ತು. ನಿಂತ ಆಯತಾಕಾರದ ಆ ಲೋಹದ ಗೂಡೇ ಮುಂದೆ ಕಾರಿನ ಮುಖವಾಯಿತು. 1931ರ 170 ಮಾದರಿಯಲ್ಲಿ ರೇಡಿಯೇಟರ್ ಒಳಗೆ ಸರಿದು, ಅದರ ರಕ್ಷಣೆಗೆಂದು ಮುಂದೆ ಒಂದು ಜಾಲರಿ ಬಂತು. ಅಂದರೆ ನಾವು ಇಂದು ಗ್ರಿಲ್ ಎಂದು ಕರೆಯುವ ಕ್ರೋಮ್ ಚೌಕಟ್ಟು ಸುಮಾರು ತೊಂಬತ್ತು ವರ್ಷಗಳಿಂದಲೂ ಒಳಗಿನ ರೇಡಿಯೇಟರಿನ ಪ್ರತಿನಿಧಿಯಾಗಿ ಮುಂದೆ ನಿಂತಿದೆ. ಎಲೆಕ್ಟ್ರಿಕ್ ಕಾರಿಗೆ ಗ್ರಿಲ್ ಏಕೆ ಬೇಕು ಎಂದು ಕೇಳುವವರು ಈ ಸಂಗತಿಯನ್ನು ಗಮನಿಸಬೇಕು. ಪೆಟ್ರೋಲ್ ಕಾರಿನಲ್ಲಿಯೂ ಆ ಚೌಕಟ್ಟಿನ ಆಕಾರ, ಎತ್ತರ, ಹೊಳಪು ಯಾವುದನ್ನೂ ಎಂಜಿನ್ ಕೇಳಿರಲಿಲ್ಲ. ಅದಕ್ಕೆ ಬೇಕಿದ್ದದ್ದು ಗಾಳಿ ಮಾತ್ರ.

ಈ ಪರಂಪರೆಯನ್ನು ಒಂದು ಶಿಸ್ತಾಗಿ ಬೆಳೆಸಿದವರು ಬ್ರೂನೊ ಸಾಕ್ಕೊ. 1933ರಲ್ಲಿ ಇಟಲಿಯ ಉದಿನೆಯಲ್ಲಿ ಹುಟ್ಟಿ, 1958ರಲ್ಲಿ ಡೈಮ್ಲರ್ ಬೆಂಜ್ ಸೇರಿ, 1975ರಿಂದ 1999ರವರೆಗೆ ಅಲ್ಲಿನ ವಿನ್ಯಾಸ ವಿಭಾಗವನ್ನು ಮುನ್ನಡೆಸಿದ ಅವರು 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಸಾವಿನ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲವೆಂಬ ನೋವು ಈ ಪತ್ರಕ್ಕೆ ಒಂದು ಕಾರಣವೂ ಹೌದು. ಸಾಕ್ಕೊ ಎರಡು ಸೂತ್ರಗಳನ್ನು ಇಟ್ಟುಕೊಂಡಿದ್ದರು. ಒಂದೇ ಕಾಲದಲ್ಲಿ ಮಾರಾಟವಾಗುವ ಚಿಕ್ಕ, ದೊಡ್ಡ ಮಾದರಿಗಳು ಒಂದೇ ಮನೆಯ ಮಕ್ಕಳಂತೆ ಕಾಣಬೇಕೆಂಬುದು ಒಂದು. ಹೊಸ ಮಾದರಿಯು ತನ್ನ ಹಿಂದಿನದನ್ನು ಒಂದೇ ದಿನದಲ್ಲಿ ಹಳತಾಗಿಸಬಾರದೆಂಬುದು ಇನ್ನೊಂದು, ಮತ್ತು ನನ್ನ ದೃಷ್ಟಿಯಲ್ಲಿ ಇದೇ ದೊಡ್ಡದು. ಲೆಕ್ಕ ಹಾಕಿ ನೋಡಿದರೆ ಇದರ ವಿವೇಕ ತಿಳಿಯುತ್ತದೆ. ಒಂದು ಕಾರನ್ನು ರೂಪಿಸಲು ನಾಲ್ಕೈದು ವರ್ಷ ಬೇಕು, ಅದು ಏಳೆಂಟು ವರ್ಷ ಮಾರಾಟದಲ್ಲಿರುತ್ತದೆ, ಕೊನೆಯಲ್ಲಿ ಮಾರಾಟವಾದ ಕಾರು ಇನ್ನೂ ಹದಿನೈದು ಇಪ್ಪತ್ತು ವರ್ಷ ರಸ್ತೆಯ ಮೇಲಿರುತ್ತದೆ. ಇಂದು ಕಾಗದದ ಮೇಲೆ ಎಳೆದ ಗೆರೆ ಸುಮಾರು ಮೂವತ್ತು ವರ್ಷಗಳ ನಂತರವೂ ಜನರ ಎದುರಿಗೆ ಓಡಾಡುತ್ತಿರಬೇಕು. ಲಕ್ಷಗಟ್ಟಲೆ ರೂಪಾಯಿ ಕೊಟ್ಟು ಕೊಂಡವನ ಕಾರು ಮುಂದಿನ ಮಾದರಿ ಬಂದ ಬೆಳಿಗ್ಗೆಯೇ ಮಂಕಾಗಿ ಕಂಡರೆ, ಆತನಿಗೆ ಮೋಸವಾದಂತೆಯೇ ಸರಿ.

1979ರಲ್ಲಿ ಬಂದ ಎಸ್ ಕ್ಲಾಸ್ ಎಂಬ ಬೆಂಜ್‌ನ ದೊಡ್ಡ ಕಾರು, ಕಂಪನಿಯ ಸಂಕೇತದಂತೆ ಕಾರಿನವರ ಬಾಯಲ್ಲಿ ಡಬ್ಲ್ಯು 126, ಈ ಸೂತ್ರದ ಅತ್ಯುತ್ತಮ ಉದಾಹರಣೆ. ಅದರ ಹಿಂದಿನ 1972ರ ಡಬ್ಲ್ಯು 116ರಲ್ಲಿದ್ದ ಕ್ರೋಮ್ ಬಂಪರುಗಳು ಇಲ್ಲಿ ಹೋದವು. ಅವುಗಳ ಜಾಗದಲ್ಲಿ ಪ್ಲಾಸ್ಟಿಕ್ ಬಂಪರುಗಳು ಬಂದು, ಬಾಗಿಲಿನ ಕೆಳಭಾಗದ ಉದ್ದಕ್ಕೂ ಅದೇ ಎತ್ತರದಲ್ಲಿ ಒಂದು ಪಟ್ಟಿ ಹರಿಯಿತು. ಜರ್ಮನಿಯ ಜನ ಇಂಥ ಪಟ್ಟಿಗಳಿಗೆ ‘ಸಾಕ್ಕೊ ಹಲಗೆ’ ಎಂದೇ ಹೆಸರಿಟ್ಟರು. ಐಷಾರಾಮಿ ಕಾರಿನಿಂದ ಕ್ರೋಮ್ ಬಂಪರ್ ತೆಗೆಯುವುದೆಂದರೆ ಆ ಕಾಲಕ್ಕೆ ಚಿಕ್ಕ ಮಾತಲ್ಲ. ಆದರೆ ಗ್ರಿಲ್ ತುಸು ತಗ್ಗಾಗಿ ಅಗಲವಾದರೂ ತನ್ನ ಜಾಗದಲ್ಲೇ ನಿಂತಿತು, ಅಗಲವಾದ ದೀಪಗಳು ಅದರ ಇಕ್ಕೆಲಗಳಲ್ಲಿ ಹಾಗೆಯೇ ಉಳಿದವು, ಹಿಂಬದಿಯ ಗೀರುದೀಪಗಳೂ, ಅಂದರೆ ಗಾಜಿನ ಮೇಲೆ ಅಡ್ಡ ಗೀರುಗಳಿರುವ ದೀಪಗಳೂ, ಉಳಿದವು. ಹಾಗಾಗಿ ಆ ಕಾರನ್ನು ಯಾರೂ ಬೇರೆಯೆನ್ನಲಿಲ್ಲ. 12 ವರ್ಷ ತಯಾರಾಗಿ, ಸಲೂನ್ (ನಾಲ್ಕು ಬಾಗಿಲಿನ) ರೂಪದಲ್ಲಿಯೇ 8 ಲಕ್ಷಕ್ಕೂ ಹೆಚ್ಚು ಮಾರಾಟವಾದ ಅದು ಇಂದಿಗೂ ಹಳತೆನಿಸುವುದಿಲ್ಲ.

ಆ ಗೀರುದೀಪಗಳ ಬಗ್ಗೆ ಎರಡು ಮಾತು ಹೆಚ್ಚು ಬರೆಯಬೇಕು, ಏಕೆಂದರೆ ಕಾರಿನ ಗುರುತು ಎಲ್ಲಿಂದ ಹುಟ್ಟುತ್ತದೆಂಬುದನ್ನು ನಾನು ಕಣ್ಣಾರೆ ಕಂಡದ್ದು ಅವುಗಳಲ್ಲಿಯೇ. ನನ್ನ ಸ್ನೇಹಿತರೊಬ್ಬರ ಬಳಿ 1982ರ ಡಬ್ಲ್ಯು 123 ಬೆಂಜ್ ಕಾರಿದೆ. ಪ್ರಪಂಚದಲ್ಲಿ ಸುಮಾರು 27 ಲಕ್ಷ ತಯಾರಾದ ಮಾದರಿ ಅದು. ಒಂದು ಆಷಾಢದಲ್ಲಿ ನಾವಿಬ್ಬರೂ ಮೈಸೂರಿನಿಂದ ಮಡಿಕೇರಿಗೆ ಹೊರಟಿದ್ದೆವು. ಕುಶಾಲನಗರ ದಾಟಿದ ಮೇಲೆ ರಸ್ತೆ ಅಗೆದಿದ್ದರು, ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಸುಂಟಿಕೊಪ್ಪದಲ್ಲಿ ಕಾಫಿಗೆಂದು ನಿಲ್ಲಿಸಿ ಹಿಂದಕ್ಕೆ ಹೋಗಿ ನೋಡಿದರೆ ಡಿಕ್ಕಿಯ ಮುಚ್ಚಳವೆಲ್ಲ ಕೆಮ್ಮಣ್ಣು, ನಂಬರ್ ಪ್ಲೇಟಿನ ಒಂದು ಅಕ್ಷರವೂ ಓದುವಂತಿರಲಿಲ್ಲ. ಆದರೆ ಹಿಂದಿನ ದೀಪದ ಗಾಜಿನಲ್ಲಿ ಅಡ್ಡಡ್ಡ ಏಣುಗಳಿವೆಯಲ್ಲ, ಆ ಏಣುಗಳ ಮೈಮೇಲೆ ಮಾತ್ರ ಮಣ್ಣು ಮೆತ್ತಿಕೊಂಡಿತ್ತು. ನಡುವಿನ ತಗ್ಗುಗಳು ಒರೆಸಿದಷ್ಟು ಸ್ವಚ್ಛವಾಗಿ, ಅವುಗಳಿಂದ ಕೆಂಪು ಬೆಳಕು ಗೆರೆಗೆರೆಯಾಗಿ ಹೊರಗೆ ಬರುತ್ತಿತ್ತು. ಕೊಳೆಯಲ್ಲಿಯೂ ಹಿಂದಿನವನಿಗೆ ದೀಪ ಕಾಣಬೇಕೆಂಬ ಕಾರಣಕ್ಕೇ 1971ರ ಎಸ್ಎಲ್ ಎಂಬ ಬೆಂಜ್ ಸ್ಪೋರ್ಟ್ಸ್ ಕಾರಿನಿಂದ ಆ ಏಣುಗಳು ಆರಂಭವಾದದ್ದು. ವರ್ಷಗಟ್ಟಲೆ ಪಾಠ ಮಾಡಿದ್ದ ವಿಷಯ ಅಂದು ಮೊದಲ ಬಾರಿಗೆ ನನ್ನ ಕೈಬೆರಳಿಗೆ ತಾಕಿತು. ಅನುಕೂಲಕ್ಕಾಗಿ ಬಂದ ಆ ಗೀರುಗಳು ಮುಂದೆ ಒಂದಿಡೀ ಪೀಳಿಗೆಯ ಕಾರುಗಳ ಗುರುತಾದವು. ರಾತ್ರಿಯಲ್ಲಿ ಮುಂದೆ ಹೋಗುತ್ತಿರುವ ಕಾರಿನ ಹೆಸರು ಓದದೆಯೇ ಬೆಂಜ್ ಎನ್ನಬಹುದಿತ್ತು.

ಗುರುತನ್ನು ಉಳಿಸುತ್ತಲೇ ಬದಲಿಸುವ ಕುಶಲತೆಗೆ ನಮ್ಮ ದೇಶದವರು ಸುಲಭವಾಗಿ ನೋಡಬಹುದಾದ ನಿದರ್ಶನ ಡಬ್ಲ್ಯು 124. ಭಾರತದಲ್ಲಿ ಮರ್ಸಿಡಿಸ್ ಬೆಂಜ್ 1995ರಲ್ಲಿ ಪುಣೆಯಲ್ಲಿ ಜೋಡಿಸಿ ಮಾರಿದ ಮೊದಲ ಕಾರು ಅದು. 1984ರಲ್ಲಿ ಅದು ಜರ್ಮನಿಯಲ್ಲಿ ಬಂದಾಗ ಗ್ರಿಲ್‌ನ ಕ್ರೋಮ್ ಚೌಕಟ್ಟು ಬಾನೆಟ್ಟಿನಿಂದ ಬೇರೆಯಾಗಿ ದಪ್ಪವಾಗಿ ಎದ್ದು ನಿಂತಿತ್ತು, ನಕ್ಷತ್ರ ಆ ಚೌಕಟ್ಟಿನ ನೆತ್ತಿಯ ಮೇಲಿತ್ತು. 1993ರ ಪರಿಷ್ಕರಣೆಯಲ್ಲಿ ಚೌಕಟ್ಟನ್ನು ತೆಳುವಾಗಿಸಿ ಬಾನೆಟ್ಟಿನೊಳಗೇ ಕೂರಿಸಿದರು, ನಕ್ಷತ್ರವನ್ನು ಹಿಂದಕ್ಕೆ ಸರಿಸಿ ಬಾನೆಟ್ಟಿನ ತಗಡಿನ ಮೇಲೆ ನಿಲ್ಲಿಸಿದರು. ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರೂ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವ್ಯತ್ಯಾಸವನ್ನು ಬೇಗನೆ ಪತ್ತೆ ಹಚ್ಚುತ್ತಿರಲಿಲ್ಲ. ಆದರೆ ‘ಇವುಗಳಲ್ಲಿ ಹೊಸದು ಯಾವುದು’ ಎಂದು ಕೇಳಿದರೆ ಎಲ್ಲರೂ ಸರಿಯಾದ ಉತ್ತರವನ್ನೇ ಕೊಡುತ್ತಿದ್ದರು. ಕಾರಣ ಗೊತ್ತಿಲ್ಲದಿದ್ದರೂ ಕಣ್ಣಿಗೆ ಗೊತ್ತಾಗಿತ್ತು.

ಅಂಥದೇ ಒಂದು ಕಾರು ಕೆಲವು ವರ್ಷಗಳ ಹಿಂದೆ ನನ್ನ ಬಂಧುವೊಬ್ಬರದು ಕಂಬಕ್ಕೆ ತಗುಲಿ ಗ್ರಿಲ್ ಮುರಿಯಿತು. ದುರಸ್ತಿಗೆ ಬಿಟ್ಟ ಗ್ಯಾರೇಜಿನವರು, ಹಳೆಯ ಗ್ರಿಲ್ ಸಿಗುವುದಿಲ್ಲ, ಈಗಿನ ಲುಕ್ ಬರಲಿ ಎಂದು ಹೇಳಿ, ನಡುವೆ ತಟ್ಟೆಯಷ್ಟು ದೊಡ್ಡ ನಕ್ಷತ್ರವಿರುವ ಕಪ್ಪು ಜಾಲರಿಯೊಂದನ್ನು ಕೂರಿಸಿ, ಬಾನೆಟ್ಟಿನ ಮೇಲಿದ್ದ ನಕ್ಷತ್ರದ ರಂಧ್ರವನ್ನು ಪಟ್ಟಿ ಹಾಕಿ ಮುಚ್ಚಿ ಬಣ್ಣ ಹೊಡೆದು ಕೊಟ್ಟರು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ಅಡ್ಡಿಯಿಲ್ಲ. ಆದರೆ ಆ ಕಾರಿನ ದೀಪಗಳು ಅದೇ ನೇರ ಆಯತ, ಬದಿಗಳು ಅದೇ ಸಂಯಮದ ಗೆರೆ, ಅವುಗಳ ನಡುವೆ ಬೇರೆ ಯಾರದೋ ಬಾಯಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದು ಹಳೆಯ ಚೌಕಟ್ಟೊಂದನ್ನು ಹುಡುಕಿ ತಂದು ಹಾಕಿಸುವವರೆಗೂ ನನಗೆ ಆ ಕಾರಿನ ಎದುರು ನಿಂತು ಮಾತನಾಡಲು ಮನಸ್ಸಾಗಲಿಲ್ಲ. ಮಾಲೀಕರಿಗಿಂತ ನನಗೇ ಹೆಚ್ಚು ಬೇಸರವಾಗಿತ್ತೆಂದು ಮನೆಯವರು ಈಗಲೂ ಹೇಳುತ್ತಾರೆ, ಅದು ನಿಜ.

ಸಾಕ್ಕೊ ಅವರ ಕೈಯಲ್ಲಿಯೂ ತಪ್ಪುಗಳಾಗಿವೆ. 1991ರ ಡಬ್ಲ್ಯು 140 ಎಸ್ ಕ್ಲಾಸ್ ನಾಲ್ಕು ಇಂಚು ಎತ್ತರ ಹೆಚ್ಚಾಯಿತೆಂದು ಸ್ವತಃ ಅವರೇ ಮುಂದೆ ಒಪ್ಪಿಕೊಂಡಿದ್ದರು. ಒಳಗೆ ಕುಳಿತವರ ತಲೆಗೆ ಜಾಗ ಕೊಡಬೇಕೆಂಬ ಒತ್ತಾಯದ ಮುಂದೆ ಹೊರಗಿನ ಪ್ರಮಾಣ ಸೋತಿತು. ಇನ್ನು ಕೆಲವು ಬದಲಾವಣೆಗಳು ಕಾನೂನಿನಿಂದ ಬಂದವು: ಅಮೆರಿಕದಲ್ಲಿ 1980ರ ದಶಕದ ಆರಂಭದವರೆಗೆ ನಿಗದಿತ ಅಳತೆಯ ಸೀಲ್ಡ್ ಬೀಮ್ ದೀಪಗಳು (ಬಲ್ಬು, ಗಾಜು ಎಲ್ಲ ಒಂದೇ ತುಂಡಾಗಿರುವ ದೀಪಗಳು) ಕಡ್ಡಾಯವಾಗಿದ್ದುದರಿಂದ ಆ ಕಾಲದಲ್ಲಿ ಅಲ್ಲಿಗೆ ಹೋದ ಬೆಂಜ್ ಕಾರುಗಳು ಗುಂಡು ದೀಪಗಳನ್ನೂ ಮುಂಚಾಚಿದ ಬಂಪರುಗಳನ್ನೂ ಹೊತ್ತು ಬೇರೆಯೇ ಆಗಿ ಕಾಣುತ್ತಿದ್ದವು. ಆದರೂ ನಡುವಿನ ಆ ನಿಂತ ಚೌಕಟ್ಟು ಇದ್ದುದರಿಂದ ಗುರುತು ತಪ್ಪಲಿಲ್ಲ.

ಮುಖಕ್ಕೆ ಎಷ್ಟು ಬೆಲೆಯಿದೆಯೆಂಬುದನ್ನು ತಿಳಿಯಬೇಕಾದರೆ ರೋಲ್ಸ್ ರಾಯ್ಸ್ ಮಾರಾಟವಾದ ಕಥೆಯನ್ನು ನೆನೆಯಬೇಕು. 1998ರಲ್ಲಿ ಫೋಕ್ಸ್‌ವ್ಯಾಗನ್ ಇಂಗ್ಲೆಂಡಿನ ಕ್ರೂ ಪಟ್ಟಣದ ರೋಲ್ಸ್ ರಾಯ್ಸ್ ಕಾರ್ಖಾನೆಯನ್ನು ಕೊಂಡಾಗ ಅದರ ಜೊತೆಗೆ ಗ್ರಿಲ್‌ನ ಆಕಾರ ಮತ್ತು ಬಾನೆಟ್ಟಿನ ಮೇಲಿನ ದೇವತೆಯ ಪ್ರತಿಮೆಯ ಹಕ್ಕುಗಳು ಅದಕ್ಕೆ ಬಂದವು. ರೋಲ್ಸ್ ರಾಯ್ಸ್ ಎಂಬ ಹೆಸರಿನ ಹಕ್ಕು ಮಾತ್ರ ವಿಮಾನದ ಎಂಜಿನ್ ಮಾಡುವ ಕಂಪನಿಯ ಬಳಿ ಉಳಿದಿದ್ದು, ಅದನ್ನು ಬಿಎಂಡಬ್ಲ್ಯು ನಾಲ್ಕು ಕೋಟಿ ಪೌಂಡ್ ಕೊಟ್ಟು ಪಡೆಯಿತು. ಒಬ್ಬರ ಬಳಿ ಹೆಸರು, ಇನ್ನೊಬ್ಬರ ಬಳಿ ಮುಖ. ಎರಡೂ ಒಂದೆಡೆ ಸೇರದೆ ಕಾರು ಮಾಡಲಾಗದೆಂದು ಇಬ್ಬರೂ ಒಪ್ಪಿ, 2003ರಿಂದ ಹೆಸರೂ ಮುಖವೂ ಬಿಎಂಡಬ್ಲ್ಯುವಿನ ಪಾಲಾದವು. 2022ರಲ್ಲಿ ತೋರಿಸಿದ ರೋಲ್ಸ್ ರಾಯ್ಸ್‌ನ ಪೂರ್ಣ ವಿದ್ಯುತ್ ಕಾರು ಸ್ಪೆಕ್ಟರ್‌ನಲ್ಲಿ ಗ್ರಿಲ್ ಹಿಂದೆಂದಿಗಿಂತ ಅಗಲವಾಗಿದೆ. ಪ್ರತಿಮೆಯನ್ನು ಸುಮಾರು 10 ಸೆಂಟಿಮೀಟರಿನಿಂದ 8 ಸೆಂಟಿಮೀಟರಿಗೆ ತಗ್ಗಿಸಿ, ಆಕೆಯ ನಿಲುವನ್ನು ತುಸು ಮುಂದಕ್ಕೆ ಬಾಗಿಸಿ, ಗಾಳಿ ಸುಗಮವಾಗಿ ಹರಿಯುವಂತೆ ತಿದ್ದಿದ್ದಾರೆ. ತೆಗೆದುಹಾಕಲಿಲ್ಲ, ಹಾಗೆಯೇ ಬಿಡಲೂ ಇಲ್ಲ.

ಇದೇ ಹೊತ್ತಿನಲ್ಲಿ ಮರ್ಸಿಡಿಸ್ ಬೇರೆ ದಾರಿ ಹಿಡಿದಿತ್ತು. 2021ರಲ್ಲಿ ಬಂದ, 2022ರಿಂದ ಪುಣೆಯ ಬಳಿಯ ಚಾಕಣದಲ್ಲಿಯೂ ಜೋಡಣೆಯಾದ ಇಕ್ಯೂಎಸ್ ಎಂಬ ವಿದ್ಯುತ್ ಕಾರಿನ ಗಾಳಿ ತಡೆಯ ಗುಣಾಂಕ 0.20; ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ಎಂಜಿನಿಯರನಾಗಿ ನಾನು ಆ ಸಂಖ್ಯೆಗೆ ತಲೆಬಾಗುತ್ತೇನೆ. ಬ್ಯಾಟರಿಯ ಒಂದೊಂದು ಕಿಲೋಮೀಟರ್ ಉಳಿಸಲು ಅಷ್ಟು ಶ್ರಮಪಟ್ಟವರ ಬಗ್ಗೆ ಹಗುರವಾಗಿ ಮಾತನಾಡುವುದು ತಪ್ಪು. ಆದರೆ ಆ ಸಂಖ್ಯೆಗಾಗಿ ಮೂತಿಯಿಂದ ಬಾಲದವರೆಗೆ ಬಿಲ್ಲಿನಂತೆ ಬಾಗಿದ ಒಂದೇ ಗೆರೆಯನ್ನು ಎಳೆದು, ಗ್ರಿಲ್‌ನ ಜಾಗದಲ್ಲಿ ನುಣುಪಾದ ಕಪ್ಪು ಫಲಕವನ್ನಿಟ್ಟರು. ಬಾನೆಟ್ಟನ್ನು ಮಾಲೀಕ ತೆರೆಯುವಂತಿಲ್ಲ. ಗಾಜು ತೊಳೆಯುವ ನೀರು ತುಂಬಲು ಎಡಬದಿಯ ಫೆಂಡರಿನಲ್ಲಿ ಒಂದು ಚಿಕ್ಕ ಮುಚ್ಚಳವಿದೆ. ಬೆಂಗಳೂರಿನ ಹೋಟೆಲೊಂದರ ಮುಂದೆ ಒಮ್ಮೆ ಅದು ಅದೇ ಕಾಲದ ಎಸ್ ಕ್ಲಾಸ್ ಪಕ್ಕದಲ್ಲಿ ನಿಂತದ್ದನ್ನು ನೋಡಿದೆ. ಎರಡೂ ಒಂದೇ ಮನೆಯವೆಂದು ಹೇಳಲು ಲಾಂಛನವನ್ನು ಹುಡುಕಬೇಕಾಯಿತು. ಸಾಕ್ಕೊ ಅವರ ಎರಡೂ ಸೂತ್ರಗಳು ಅಲ್ಲಿ ಒಟ್ಟಿಗೆ ಮುರಿದಿದ್ದವು.

ಕಂಪನಿಗೂ ಇದು ಅರಿವಾಯಿತೆಂದೇ ಕಾಣುತ್ತದೆ. 2024ರ ಪರಿಷ್ಕರಣೆಯಲ್ಲಿ ಇಕ್ಯೂಎಸ್‌ನ ಕಪ್ಪು ಫಲಕಕ್ಕೆ ಕ್ರೋಮ್ ಪಟ್ಟಿಗಳು ಬಂದವು, ಬಾನೆಟ್ಟಿನ ಮೇಲೆ ನಿಂತ ನಕ್ಷತ್ರ ಮರಳಿತು. 2025ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಪ್ರದರ್ಶನದಲ್ಲಿ ತೋರಿಸಿದ ವಿದ್ಯುತ್ ಜಿಎಲ್‌ಸಿ ಎಂಬ ಎಸ್‌ಯುವಿಗೆ ದೊಡ್ಡದೊಂದು ಗ್ರಿಲ್ಲನ್ನೇ ಕೊಟ್ಟು, ಅದರಲ್ಲಿ 942 ಚುಕ್ಕಿಗಳು ಬೆಳಗುವಂತೆ ಮಾಡಿದ್ದಾರೆ. ಮುಖ ಮರಳಿದ್ದು ನನಗೆ ಸಂತೋಷವೇ. ಆದರೆ ಬಿಟ್ಟುಹೋದದ್ದನ್ನು ಮರಳಿ ತರುವಾಗ ದನಿ ಎತ್ತರಿಸಬೇಕಾಗುತ್ತದೆ ಎಂಬುದಕ್ಕೂ ಆ 942 ದೀಪಗಳೇ ಸಾಕ್ಷಿ. ನಡುವೆ ಎಳೆ ಕಡಿಯದೆ ಇದ್ದಿದ್ದರೆ, 1993ರಲ್ಲಿ ಮಾಡಿದಂತೆ ಚೌಕಟ್ಟನ್ನು ಇನ್ನಷ್ಟು ತೆಳುವಾಗಿಸಿ, ಇನ್ನಷ್ಟು ವಾಲಿಸಿ, ಮೆಲ್ಲಗೆ ವಿದ್ಯುತ್ ಯುಗಕ್ಕೆ ದಾಟಿಸಬಹುದಿತ್ತು. ಇದು ನನ್ನ ಅಭಿಪ್ರಾಯ; ಒಪ್ಪದವರು ಇರಬಹುದು.

ಇದೆಲ್ಲ ಜರ್ಮನಿಯ ಮಾತು, ಕನ್ನಡ ಪತ್ರಿಕೆಗೇಕೆ ಎಂದು ಕೆಲವು ಓದುಗರಿಗೆ ಅನಿಸಬಹುದು. ಮರ್ಸಿಡಿಸ್ ಬೆಂಜ್‌ನ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವೊಂದು 1996ರಿಂದ ಬೆಂಗಳೂರಿನಲ್ಲಿಯೇ ಇದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಂದ ಮಕ್ಕಳು ಅಂಥ ಕಚೇರಿಗಳಲ್ಲಿ ಕುಳಿತು ಪ್ರಪಂಚದ ಕಾರುಗಳಿಗೆ ಕೆಲಸ ಮಾಡುತ್ತಿದ್ದಾರೆ. ಅವರು ಬೆಳೆಯುವಾಗ ಓದುವ ವಿಮರ್ಶೆಗಳಲ್ಲಿ ‘ಪೂರ್ತಿ ಬದಲಾಗಿದೆ’ ಎಂಬುದು ಹೊಗಳಿಕೆಯಾಗಿಯೂ ‘ಹಿಂದಿನಂತೆಯೇ ಇದೆ’ ಎಂಬುದು ತೆಗಳಿಕೆಯಾಗಿಯೂ ಇದ್ದರೆ, ಅವರ ಕೈಯಿಂದ ಹೊರಡುವ ಗೆರೆಗಳೂ ಹಾಗೆಯೇ ಆಗುತ್ತವೆ. ನಿಮ್ಮ ಪುಟದ ಒಂದು ವಾಕ್ಯಕ್ಕೆ ಅಷ್ಟು ಶಕ್ತಿಯಿದೆಯೆಂದು ನಾನು ನಂಬಿರುವುದರಿಂದಲೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಹಾಗಾಗಿ ನನ್ನದೊಂದು ಬಿನ್ನಹ. ಇನ್ನು ಮುಂದೆ ಯಾವುದೇ ಐಷಾರಾಮಿ ಕಾರಿನ ಹೊಸ ಮಾದರಿಯನ್ನು ಕುರಿತು ಬರೆಯುವಾಗ, ಅದರ ಚಿತ್ರದ ಪಕ್ಕದಲ್ಲಿ ಹಿಂದಿನ ಮಾದರಿಯ ಚಿತ್ರವನ್ನೂ ಅದೇ ಕೋನದಿಂದ, ಅದೇ ಗಾತ್ರದಲ್ಲಿ ಅಚ್ಚು ಮಾಡಿಸಿ. ಯಾವ ಗೆರೆ ಉಳಿಯಿತು, ಯಾವುದು ಹೋಯಿತು, ಹೋದದ್ದಕ್ಕೆ ಕಾನೂನು ಕಾರಣವೋ, ಗಾಳಿಯೋ, ಬರೀ ಮಾರುಕಟ್ಟೆಯ ಆತುರವೋ ಎಂಬುದನ್ನು ನಿಮ್ಮ ವಿಮರ್ಶಕರು ನಾಲ್ಕು ಸಾಲುಗಳಲ್ಲಿ ಹೇಳಲಿ. ಹಿಂದಿನ ಮಾದರಿಗಳ ಹಳೆಯ ಪರಿಚಯ ಪುಸ್ತಿಕೆಗಳು ನನ್ನ ಬಳಿ ಒಂದು ಪೆಟ್ಟಿಗೆಯಷ್ಟಿವೆ. ಚಿತ್ರಗಳಿಗಾಗಿ ಅವು ಬೇಕಾದರೆ ನಿಮ್ಮ ಮೈಸೂರು ಕಚೇರಿಗೆ ನಾನೇ ತಂದು ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಆಟೊಮೊಬೈಲ್ ಉಪನ್ಯಾಸಕ,
ಮೈಸೂರು